ನಾಲ್ಕು ದಿನದ ಗೆರೆ

ಗೋಡೆಯ ನಕ್ಷೆಯಲ್ಲಿದ್ದ ಕೆಂಪು ಗೆರೆಯ ಮೇಲೆ ಬೆರಳಿಟ್ಟ ನರ್ಸಮ್ಮ ಹಾಗೇ ನಿಂತುಬಿಟ್ಟಳು. ವರ್ಷದ ಮೊದಲ ದಿನದಿಂದ ಕಾರ್ಖಾನೆಯಲ್ಲಿ ಗಾಯಗೊಂಡವರ ಲೆಕ್ಕವನ್ನೆಲ್ಲ ಕೂಡಿಸುತ್ತಾ, ನಾಳೆ ಯಾರಿಗೂ ಏನೂ ಆಗದಿರಲೆಂದು ಕೈಮುಗಿದು, ಅವಳೇ ಏರಿಸುತ್ತಾ ಬಂದ ಗೆರೆ ಅದು. ಅವಳು ಜ್ವರದಲ್ಲಿ ಮಲಗಿದ್ದ ನಾಲ್ಕು ದಿನ ಮಾತ್ರ ಗೆರೆಯೂ ಮಟ್ಟಸವಾಗಿ ಮಲಗಿತ್ತು.

"ಇದನ್ನ ಯಾರು ಎಳೆದಿದ್ದು?"

"ನಾನೇ," ಎಂದ ಮೇಲ್ವಿಚಾರಕ. "ನಿಮ್ಮ ಪುಸ್ತಕದಲ್ಲಿ ಆ ನಾಲ್ಕು ದಿನ ಖಾಲಿ. ಅಂದ್ರೆ ಯಾರಿಗೂ ಏನೂ ಆಗಿಲ್ಲ. ಹಳೇ ಮೊತ್ತಾನೇ ಮುಂದಕ್ಕೆ ಎಳೆದೆ. ಇನ್‌ಸ್ಪೆಕ್ಟರ್ ಬರೋ ಹೊತ್ತು, ಸುಮ್ನಿರಿ."

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ ಸ್ವಾಮಿ? ಬರೆಯೋಳು ಮಲಗಿದ್ದೆ. ನಿಮ್ಮ ಯಂತ್ರಾನೂ ಜ್ವರ ಬಂದು ಮಲಗಿತ್ತಾ?"

ಗಾಯದ ಪಟ್ಟಿ ಬದಲಿಸಿಕೊಳ್ಳಲು ಬಂದು ಬೆಂಚಿನ ಮೇಲೆ ಕೂತಿದ್ದವನು ಆ ನಾಲ್ಕು ದಿನಗಳಲ್ಲೇ ತಗಡು ಒತ್ತುವ ಯಂತ್ರಕ್ಕೆ ಎರಡು ಬೆರಳು ಕೊಟ್ಟವನು. "ನನ್ನ ಜಾಗದಲ್ಲಿ ಈಗ ತಂಗಿ ನಿಂತಿದಾಳೆ, ನರ್ಸಮ್ಮ," ಎಂದ. "ಗೆರೆ ಏರಿದ್ರೆ ತಾನೇ ಇನ್‌ಸ್ಪೆಕ್ಟರ್ ಯಂತ್ರ ನಿಲ್ಲಿಸಿ, ಕೈ ಸಿಗದ ಹಾಗೆ ಜಾಲರಿ ಹಾಕ್ಸೋದು?"

ನರ್ಸಮ್ಮ ಪಟ್ಟಿ ಕತ್ತರಿಸುವ ಬ್ಲೇಡು ತೆಗೆದುಕೊಂಡು ಆ ನಾಲ್ಕು ದಿನದ ಗೆರೆಯನ್ನು ಕೆರೆಯತೊಡಗಿದಳು. ಕೆಂಪು ಪುಡಿ ಅವಳ ಬಿಳಿ ಸೀರೆಯ ಮೇಲೆ ಉದುರಿತು.

"ನಕ್ಷೆ ಹರುಕಾಗಿ ಕಾಣುತ್ತಲ್ರೀ!" ಎಂದ ಮೇಲ್ವಿಚಾರಕ.

"ಕಾಣ್ಲಿ. ನಂಗೆ ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಾನೇ ಕಾಣ್ಲಿ."

ಒಳಗೆ ಬಂದ ಇನ್‌ಸ್ಪೆಕ್ಟರ್ ನೇರ ನಕ್ಷೆಯ ಬಳಿಗೇ ಹೋದರು. "ಇಲ್ಯಾಕೆ ಗೆರೆ ಕಡಿದಿದೆ?"

ಮೇಲ್ವಿಚಾರಕ ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಎದ್ದವನು ಪಟ್ಟಿ ಬಿಚ್ಚಿ, ಮೂರೇ ಬೆರಳಿನ ಕೈಯನ್ನು ಆ ಖಾಲಿ ಜಾಗದ ಮೇಲೆ ಇಟ್ಟ.