ಅಜ್ಜನ ಬರಿದಲೆ

ಈಗಲೂ ಎಲ್ಲಾದರೂ ಕುದಿಸಿ ಒಣಗಿಸಿದ ಹತ್ತಿಬಟ್ಟೆಯ ವಾಸನೆ ಬಂದರೆ ನನ್ನ ಕೈ ತಾನಾಗಿ ತಲೆಗೆ ಹೋಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ, ಮದುವೆಗೆ ಮುಂಚೆ ಅರ್ಧಕ್ಕೆ ಬಿಟ್ಟಿದ್ದ ನರ್ಸ್ ಕಲಿಕೆಗೆ ಹುಬ್ಬಳ್ಳಿಯ ದವಾಖಾನೆಗೆ ಮರಳಿದ್ದಳು. ಒಂದು ದಿನ ಸಂಜೆ ಪರೀಕ್ಷೆಗೆಂದು ದೊಡ್ಡ ನರ್ಸಬಾಯಿಯ ಎದುರು ತಲೆಗೆ ಪಟ್ಟಿ ಕಟ್ಟಿ ತೋರಿಸಬೇಕಿತ್ತು. ಜಾರಿದರೆ ಕಲಿಕೆ ಮುಗಿದಂತೆ. ಮಧ್ಯಾಹ್ನವೆಲ್ಲ ಗಾಯಾಳುವಿನ ಘನವಾದ ಹುದ್ದೆ ನನ್ನದಾಗಿತ್ತು. ಗರಗ ಊರಿನ ಹಳೆ ಖಾದಿ ಸೀಳಿ, ಕುದಿಸಿ ಒಣಗಿಸಿ ಮಾಡಿದ ಪಟ್ಟಿ ಪ್ರತಿಸಲವೂ ಕಿವಿ ದಾಟಿ ಕೊರಳಿಗಿಳಿದು ಹಾರವಾಗುತ್ತಿತ್ತು.

“ಅಲ್ಲಾಡಬ್ಯಾಡ ಅಂದ್ನಲ್ಲ!”

“ಬರೇ ಉಸರಾಡಾಕತ್ತೇನಿ, ಅವ್ವಾ.”

ಅವ್ವ ಪಟ್ಟಿಯನ್ನು ನೆಲಕ್ಕೆ ಬಿಟ್ಟಳು. “ಆ ಹುಡುಗ್ಯಾರ ನಡುವ ಈ ವಯಸ್ಸಿನಾಗ ನಂದೇನು ಕೆಲಸ? ನಾ ಹೋಗೂದಿಲ್ಲ.”

ಪಡಸಾಲೆಯಲ್ಲಿ ಅಜ್ಜ ಕೆಮ್ಮಿದರು. ಅವ್ವ ದವಾಖಾನೆಯ ಮೆಟ್ಟಿಲು ಹತ್ತಿದಂದಿನಿಂದ ಸೊಸೆಯೊಡನೆ ಅವರ ಮಾತಿರಲಿಲ್ಲ. ಅವ್ವನೂ ಮಾವನೆದುರು ಬಾಗಿಲ ಮರೆ ಬಿಟ್ಟು ಬಂದವಳಲ್ಲ. ಸಾವಿನ ಮನೆಯ ಹೊರತು ಎಲ್ಲೂ ತಲೆ ಬರಿದು ಮಾಡದ ಅಜ್ಜ ಒಳಗೆ ಬಂದು, ತಲೆಗೆ ಸುತ್ತಿದ ರುಮಾಲು ತೆಗೆದು ನನ್ನ ಮಡಿಲಿಗಿಟ್ಟು, ಮಣೆಯ ಮೇಲೆ ಕೂತರು.

“ಕೂಸಿನ ತಲಿ ಸಣ್ಣದೈತಿ. ಇದಕ್ಕ ಕಟ್ಟು.”

“ಮಾವಾರ, ನಿಮ್ಮ ತಲಿ ನಾ ಹ್ಯಾಂಗ ಮುಟ್ಟಲಿರಿ?”

“ದವಾಖಾನಿಗೆ ಬಂದಾವ್ರಿಗೂ ಹಿಂಗ ಕೇಳ್ತೀ ಏನು?”

ಅವ್ವ ನೆಲದ ಮೇಲಿನ ಪಟ್ಟಿ ಎತ್ತಿಕೊಂಡು ಮೊದಲ ಸುತ್ತು ಹಾಕಿದಳು. ಕೊನೆಯ ಗಂಟು ಬಿದ್ದ ಮೇಲೆ ಅಜ್ಜ ಎದ್ದು, ತಲೆ ಕೊಡವಿ ನೋಡಿದರು. ಪಟ್ಟಿ ಕದಲಲಿಲ್ಲ. ಅದನ್ನು ಬಿಚ್ಚದೆ ಹಾಗೆಯೇ ಓಣಿಗಿಳಿದು ಟಾಂಗಾ ಕೂಗಿದರು.

ಟಾಂಗಾದ ಸಾಬ ಗಾಬರಿಯಾದ. “ಅಯ್ಯಯ್ಯ, ಲಗೂ ಹತ್ರಿ ಅಜ್ಜಾರ, ದವಾಖಾನಿಗೆ ಹೋಗೂಣು!”

“ನಾ ಅಲ್ಲೋ,” ಅಂದರು ಅಜ್ಜ. “ನಮ್ಮ ಸೊಸಿ ಹೋಗಾಕಿ.”