ಎರಡನೆಯ ಆಂಟಿವೈರಸ್

ವಿಮಾ ಕಚೇರಿಯ ವಾಗೀಶನ ಪರದೆಗೆ ಸರ್ವರ್‌ನಿಂದ ಬರುವ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಪಾಲಿಸಿ ತಂತ್ರಾಂಶ ಮೇಲಿಂದ ಮೇಲೆ ತಾನಾಗಿಯೇ ಮುಚ್ಚಿಹೋಗುತ್ತಿತ್ತು. ಸರಿಪಡಿಸಲು ಕಂಪ್ಯೂಟರ್ ವಿಭಾಗದ ಇಂಚರಾ ಬಂದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಕೊನೆಗೊಂದು ದಿನ ಅವಳು ಕಾರಣ ಕಂಡುಹಿಡಿದಳು. "ಇದರಲ್ಲಿ ಎರಡು ಆಂಟಿವೈರಸ್ ಇದಾವೆ ಸರ್. ಒಂದಕ್ಕೊಂದು ಆಗಿಬರ್ತಿಲ್ಲ. ಅವುಗಳ ಜಗಳದಲ್ಲಿ ನಿಮ್ಮ ಕೆಲಸ ನಿಂತುಹೋಗ್ತಿದೆ."

ಅವಳು ಒಂದನ್ನು ತೆಗೆದುಹಾಕಿದಳು. ತಂತ್ರಾಂಶ ಸರಿಹೋಯಿತು, ವಾಗೀಶ ಮಂಕಾದ.

ಮುಂದಿನ ವಾರ ಅದು ಮತ್ತೆ ಕೈಕೊಟ್ಟಿತು. ಇಂಚರಾ ಬಂದು ನೋಡಿದಳು.

"ತೆಗೆದಿದ್ದನ್ನ ಯಾರೋ ಮತ್ತೆ ಹಾಕಿದಾರೆ."

ವಾಗೀಶ ಬೆವೆತುಹೋದ. "ದೇವರಾಣೆ ನಾನಲ್ಲ ಮೇಡಂ! ನನಗೆ ಅದನ್ನ ಹಾಕೋಕೂ ಬರಲ್ಲ."

"ಗೊತ್ತು ಸರ್," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಅದನ್ನ ಹಾಕೋಕೆ ಬೇಕಾದ ಪಾಸ್‌ವರ್ಡ್ ಇರೋದು ನನ್ನೊಬ್ಬಳ ಹತ್ರ."