ಗೋಡೆಯ ಮೇಲಿನ ತಾರೀಖು

ಡೆಂಗ್ಯೂ ಜ್ವರಕ್ಕೆ ಅಮ್ಮಯಮ್ಮ ತೀರಿಕೊಂಡ ಸುದ್ದಿ ತಿಳಿದ ಬೆಳಿಗ್ಗೆ, ದೊಡ್ಡಬಳ್ಳಾಪುರದ ಆರೋಗ್ಯ ನಿರೀಕ್ಷಕ ಬೈಲಪ್ಪ ಆಕೆಯ ಮನೆಯ ಬಾಗಿಲಲ್ಲಿ ನಿಂತ. ಪಕ್ಕದ ಗೋಡೆಯಲ್ಲಿ ಎರಡು ವಾರದ ಹಿಂದಿನ ತಾರೀಖು, ‘ಲಾರ್ವಾ ಇಲ್ಲ’ ಎಂಬ ಅವನದೇ ಸೀಮೆಸುಣ್ಣದ ಬರಹ ಹಾಗೇ ಇತ್ತು.

ಅಂದು ಅವನು ಮಹಡಿಯ ಮೇಲಿನ ನೀರಿನ ಡ್ರಮ್ಮು ನೋಡಿರಲಿಲ್ಲ. “ಈ ಬಿಸ್ಲಲ್ಲಿ ಮೇಲ್ಯಾಕೆ ಹತ್ತೀಯಪ್ಪಾ, ಮಜ್ಜಿಗೆ ಕುಡಿ. ನಿನ್ ಮೀಸೆ ಕಂಡ್ರೇ ಸೊಳ್ಳೆ ಓಡೋಗ್ತವೆ” ಎಂದು ಅಮ್ಮಯಮ್ಮ ನಕ್ಕಿದ್ದರು. ಅವನು ಕುಡಿದು, ಬರೆದು ಹೋಗಿದ್ದ.

ಮಗಳು ಶಶಿರೇಖಾ ಹೊರಗೆ ಬಂದಳು. “ನಮ್ಮನೇಲಿ ಸೊಳ್ಳೆ ಇಲ್ಲ, ಬೈಲಪ್ಪನೇ ನೋಡವ್ನೆ ಅಂತಿದ್ರು ಅಮ್ಮ. ಎಲ್ಲಿ ಕಚ್ತೋ ಸಾರ್.”

ಬರಹವನ್ನು ಒರೆಸಲು ಎತ್ತಿದ ಬೈಲಪ್ಪನ ಕೈ ಅಲ್ಲೇ ನಿಂತಿತು. “ನಾನು ಮೇಲೆ ಹತ್ತಿ ನೋಡ್ಲೇ ಇಲ್ಲಮ್ಮ” ಎಂದು ಕೈ ಮುಗಿದ. ಮನಸ್ಸಿನಲ್ಲೇ ಬೇಡಿಕೊಂಡ: ಘಾಟಿ ಸುಬ್ರಹ್ಮಣ್ಯ, ಆ ತಾಯಿಯ ಆತ್ಮಕ್ಕೆ ಶಾಂತಿ ಕೊಡು. ನನ್ನ ವಿಚಾರ ಆಮೇಲೆ.